ಹನ್ನೆರಡು ಚೀಟಿ, ನೂರಕ್ಕೆ ನೂರು

ನನ್ನಂಥ ಬರಹದ ಕೈ ಇಡೀ ರಾಯಚೂರು ಜಿಲ್ಲೆಯಲ್ಲಿ ಇರಲಿಲ್ಲ. ಹೈದರಾಬಾದಿನ ತನಕ ಇರಲಿಲ್ಲ ಎಂದರೂ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಯಲಬುರ್ಗಾದ ಕಚೇರಿಯಲ್ಲಿ ಹತ್ತು ವರ್ಷ ಪಹಣಿ ಬರೆದವನು ನಾನು. ಉಳಿದ ಗುಮಾಸ್ತರು ಪೆನ್ನಿಗೆ ಮಸಿ ತುಂಬುವಷ್ಟರಲ್ಲಿ ನಾನು ಒಂದು ಊರನ್ನೇ ಬರೆದು ಮುಗಿಸುತ್ತಿದ್ದೆ.

೧೯೮೪ರಲ್ಲಿ ನನ್ನನ್ನು ಕೊಪ್ಪಳದ ಒಂದು ಆಸ್ಪತ್ರೆಗೆ ಹಾಕಿದರು. ಹೃದಯದ ಬೇನೆಯಿಂದ ಚೇತರಿಸಿಕೊಂಡು ಮನೆಗೆ ಹೋಗುವವರಿಗೆ ಬಿಡುಗಡೆ ಚೀಟಿ ಬರೆಯುವ ಕೆಲಸ. ಯಾವ ಗುಳಿಗೆ, ಏನು ಪಥ್ಯ, ದಿನಕ್ಕೆ ಎಷ್ಟು ನಡೆಯಬೇಕು, ಮತ್ತೆ ಯಾವಾಗ ಬರಬೇಕು, ಎಲ್ಲವನ್ನೂ ಡಾಕ್ಟರ್ ಪಾರ್ವತೆಮ್ಮ ಹೇಳುತ್ತಿದ್ದರು. ಒಂದು ಉದ್ದ ಹಾಳೆಗೆ ಹನ್ನೆರಡು ಸಾಲು, ಅಡಿಯಲ್ಲಿ ಕಾರ್ಬನ್. ರೋಗಿ ಹೊರಟಾಗ ಅವನ ಸಾಲನ್ನು ಕತ್ತರಿಸಿ ಕೊಡುತ್ತಿದ್ದೆ. ಕಾರ್ಬನ್ ಪ್ರತಿ ಬುಕ್ಕಿನಲ್ಲಿ ಉಳಿಯುತ್ತಿತ್ತು.

ಒಂದು ದಿನ ಡಾಕ್ಟರು ಕರೆದರು. "ಕೊಟ್ರಪ್ಪನವ್ರ, ನಮ್ಮ ಚೀಟಿ ಎಷ್ಟು ಛಲೋ ಅದಾವಂತ ಅಳೀಬೇಕ್ರಿ. ಗುಳಿಗಿ ಬರದೀರೇನು, ಪಥ್ಯ ಬರದೀರೇನು ಅಂತ ಚೀಟಿಗೆ ಹತ್ತು ಪ್ರಶ್ನೆ, ಒಂದೊಂದಕ್ಕ ಹತ್ತು ಮಾರ್ಕು ನೀವ ಹಾಕ್ರಿ."

ಬುಕ್ಕು ತೆರೆದು ಕುಳಿತೆ. ಅಲ್ಲಿಯ ತನಕ ತುಂಬಿದ್ದು ಒಂದೇ ಹಾಳೆ; ಅದರ ಹನ್ನೆರಡೂ ಚೀಟಿಗೆ ನೂರಕ್ಕೆ ನೂರು. ನೂರಕ್ಕಿಂತ ಹೆಚ್ಚು ಕೊಡುವ ಪದ್ಧತಿ ಇಲ್ಲವೆಂದು ಕೈ ತಡೆದೆ.

"ಭಾಳ ಛಲೋ ಆತು. ಇನ್ನ ಒಂದು ಮನಿಗೆ ಹೋಗಿ, ರೋಗಿ ಕೈಯಾಗಿನ ಚೀಟಿ ನೋಡಿ ಬರ್ರಿ," ಎಂದರು.

ಬುಕ್ಕು ಬಗಲಲ್ಲಿಟ್ಟುಕೊಂಡು ತಳಕಲ್ಲು ಎಂಬ ಊರಿಗೆ ಹೋದೆ. ವಿರುಪಣ್ಣನ ಮನೆ. ನಲವತ್ತು ದಿನದ ಹಿಂದೆ ಆಸ್ಪತ್ರೆಯಿಂದ ಹೊರಟಾಗ ಎತ್ತಿನಂಥ ಆಳು. ಈಗ ಹೊರಸಿನ ಮೇಲೆ ಅಂಗಾತ ಬಿದ್ದಿದ್ದ. ಕಾಲು ಜೋಳದ ದಂಟಿನಂತೆ ಒಣಗಿದ್ದವು. ಉಸಿರಾಡಲು ಒದ್ದಾಡುತ್ತಿದ್ದ.

"ಯವ್ವಾ, ಇವರನ್ನ ನಡಿಸಿಲ್ಲೇನು?" ಅವನ ಹೆಂಡತಿ ಯಮನೂರಮ್ಮನನ್ನು ಕೇಳಿದೆ.

"ನಡಿಸೂದಾ? ದವಾಖಾನ್ಯಾಗ ಮಲಗಿಸಿದ್ರಿ, ನಾವೂ ಹಂಗ ಮಲಗಿಸೀವಿ. ಒಂದು ಮಗ್ಗಲಾ ಬದಲಿ ಮಾಡಾಕ ಬಿಟ್ಟಿಲ್ಲ."

"ಗುಳಿಗಿ?"

"ನೀವು ಕೊಟ್ಟದ್ದು ಮುಗೀತು. ಮುಂದ ಯಾವುದು ಅಂತ ಸಾಲಿ ಮಾಸ್ತರ ಕಡೆ ಚೀಟಿ ಓದಿಸಿದ್ವಿ. ಮೊದಲ ಹೆಂಗಿತ್ತೋ ಹಂಗ ಇರ್ರಿ ಅಂತ ಇದರ ಅರ್ಥ ಇರಬೇಕು ಅಂದ್ರು."

ಚೀಟಿ ತಂದು ಕೈಗಿಟ್ಟಳು. ನನ್ನದೇ ಮುತ್ತಿನಂಥ ಅಕ್ಷರ. ವಿರುಪಣ್ಣ, ವಯಸ್ಸು ಐವತ್ತೆರಡು. ಗುಳಿಗೆ: ಮೇಲಿನಂತೆ. ಪಥ್ಯ: ಮೇಲಿನಂತೆ. ನಡಿಗೆ: ಮೇಲಿನಂತೆ. ಮತ್ತೆ ಬರುವ ದಿನ: ಮೇಲಿನಂತೆ.

ಆ 'ಮೇಲೆ' ಎಲ್ಲಿದೆಯೆಂದು ಚೀಟಿಯ ಮೇಲ್ಗಡೆ ನೋಡಿದೆ. ಕತ್ತರಿಯ ಅಂಚು. ಅದರಾಚೆ ಯಮನೂರಮ್ಮನ ಮುಖ.

ಬುಕ್ಕು ತೆರೆದೆ. ಮೊದಲ ಸಾಲಿನಲ್ಲಿ ಇಟಗಿಯ ಮುದಿಯಪ್ಪನಿಗೆ ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಕೆಳಗಿನ ಹನ್ನೊಂದು ಮಂದಿಗೆ ಪಹಣಿಯ ರೂಢಿಯಂತೆ 'ಮೇಲಿನಂತೆ' ಎಂಬ ಅದೊಂದೇ ಮಾತು.

"ತಪ್ಪು ನಂದವ್ವ," ಎಂದೆ. ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ಗುಳಿಗೆ ಒಂದು ದಿನವೂ ಬಿಡಬಾರದು. ಮನೆಯೊಳಗೇ ನಡಿಗೆ ಶುರು ಮಾಡಿ ದಿನದಿನಕ್ಕೆ ಹೆಚ್ಚಿಸಬೇಕು. ಹದಿನೈದನೆಯ ದಿನ ತಪ್ಪದೆ ಬರಬೇಕು.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬುಕ್ಕಿನ ಮೇಲೆ ಬೆರಳಿಟ್ಟಳು. "ಇದರ ಕೆಳಗ ಇನ್ನ ಎಷ್ಟು ಮಂದಿ ಅದಾರ?"

"ಇವರನ್ನ ಬಿಟ್ಟು ಹತ್ತು ಮಂದಿ. ಕುಷ್ಟಗಿ ಕಡೆ, ಗಂಗಾವತಿ ಕಡೆ..."

"ಬಂಡಿ ಹೂಡಿಸಿ ಇವರನ್ನ ನಾ ಕೊಪ್ಪಳಕ್ಕ ಒಯ್ತೀನಿ. ನೀವು ಇಲ್ಲೇನು ನೋಡ್ಕೋತ ನಿಂತೀರಿ? ಆ ಮನಿಗಳಾಗೂ ಯಾರರ ಮಲಗ್ಯಾರಲ್ಲ, ಓಡ್ರಿ!"

ಓಡಿದೆ.