ಅಲ್ಲಾಡದ ಮನುಷ್ಯ

ಪರೀಕ್ಷಕರು ಮನೆಯೊಳಗೆ ಕಾಲಿಟ್ಟಾಗಲೂ ಗಡಿಯಾರ ರಿಪೇರಿಯವ ಮೇಜಿನಡಿ ಎಡಗಾಲು ಅಲ್ಲಾಡಿಸುತ್ತಲೇ ಇದ್ದ. ಎಂಟು ದಿನದಿಂದ ಇದೇ ಪಾಡು. ಮಗಳು ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಜೋಡಿಸಿ, ಕೋಣೆಕೋಣೆಗೂ ಸೆನ್ಸರ್ ಕೂರಿಸಿದ್ದಳು. ಬಿಸಿಲೇರಿದಾಗ ವಾಷಿಂಗ್ ಮೆಷಿನ್ ತಾನಾಗಿ ಶುರುವಾಗಬೇಕು, ಜನರಿಲ್ಲದ ಕಡೆ ದೀಪ ತಾನಾಗಿ ಆರಬೇಕು. ಎಲ್ಲಾ ಸರಿಯೇ. ಆದರೆ ಈ ಮಹಾರಾಯ ಕೆಲಸಕ್ಕೆ ಕೂತರೆ ಕಲ್ಲು. ಯಾರೂ ಇಲ್ಲವೆಂದುಕೊಂಡು ಸೆನ್ಸರ್ ಅವನ ದೀಪವನ್ನೇ ಆರಿಸಿಬಿಡುತ್ತಿತ್ತು.

ಹೇಳಿದರೆ ಮಗಳ ಮುಖ ಸಣ್ಣದಾಗುತ್ತದೆ. ಅವಳು ಸ್ವಂತವಾಗಿ ಮಾಡಿದ ಮೊದಲ ಮನೆ ಇದು. ಇವತ್ತು ಈ ಪರೀಕ್ಷಕರ ಕೈಯಲ್ಲಿ ಪಾಸಾದರೆ ಬೀದಿಯ ಇನ್ನೂ ಹನ್ನೊಂದು ಮನೆಯ ಕೆಲಸ ಅವಳ ಕೈಗೆ. ಅದಕ್ಕೇ ಅಪ್ಪನ ಬಾಯಿಗೆ ಬೀಗ, ಕಾಲಿಗೆ ಕೆಲಸ.

ಪರೀಕ್ಷಕರು ಬಾಗಿಲಾಚೆ ಹಜಾರದಲ್ಲಿ ಬ್ಯಾಟರಿ ನೋಡಿದರು, ವೈರುಗಳನ್ನು ಎಳೆದು ನೋಡಿದರು, ಮೆಚ್ಚಿ ತಲೆದೂಗಿದರು. ಅಪ್ಪನ ಎದೆಯುಬ್ಬಿತು. ಆ ಹಿಗ್ಗಿನಲ್ಲಿ, ಚಿಮುಟದಲ್ಲಿ ಸ್ಪ್ರಿಂಗ್ ಹಿಡಿದವನು ಕಾಲನ್ನು ಮರೆತ. ಐದು ನಿಮಿಷಕ್ಕೆ ಅವನ ಕಿಟಕಿಯಿಲ್ಲದ ಕೋಣೆ ಕತ್ತಲಾಯಿತು.

"ನಾನೇ ಆರಿಸ್ದೆ ಸರ್. ಕಣ್ಣು ಉರೀತಿತ್ತು," ಎಂದ.

ಮಗಳು ಫೋನು ತೆಗೆದು ಆ ಕೋಣೆಯ ದಾಖಲೆ ನೋಡಿದಳು. "ಅಪ್ಪಾ, ಎಂಟು ದಿನದಿಂದ ಒಂದು ನಿಮಿಷಾನೂ ಬಿಡದೆ ಅಲ್ಲಾಡಿದೀಯ. ಜನ್ಮದಲ್ಲಿ ಯಾವತ್ತು ಹಾಗೆ ಕೂತಿದ್ದೆ ನೀನು?"

ಅವಳು ಪರೀಕ್ಷಕರ ಕಡೆ ತಿರುಗಿದಳು.

"ತಪ್ಪು ನಂದು ಸರ್. ಇವರು ಕೂತ್ರೆ ಅಲ್ಲಾಡಲ್ಲ ಅಂತ ಚಿಕ್ಕಂದಿನಿಂದ ಗೊತ್ತು. ಆದ್ರೂ ಎಲ್ಲರ ಮನೆಗೆ ಹಾಕೋದನ್ನೇ ಇಲ್ಲೂ ಹಾಕ್ಬಿಟ್ಟೆ. ಅರ್ಧ ಗಂಟೆ ಕೊಡಿ."

ಅಪ್ಪ ಚಿಮುಟ ಕೆಳಗಿಟ್ಟ. ಸುಮ್ಮನಿದ್ದರೆ ಪಾಸಾಗುತ್ತಿದ್ದಳಲ್ಲ, ಈ ಹುಡುಗಿಗೆ ಯಾಕೆ ಬೇಕಿತ್ತು? ಆದರೂ, ಎಂಥಾ ಮಗಳು ನನ್ನದು ಎಂದು ಒಳಗೊಳಗೇ ಬೀಗಿದ.

ಅವಳು ಅಪ್ಪನ ಸ್ಟೂಲಿನ ದಿಂಬಿನಡಿ ಭಾರ ಗುರುತಿಸುವ ತೆಳ್ಳನೆ ಪಟ್ಟಿಯೊಂದನ್ನು ಇಟ್ಟಳು. ಕೂತರೆ ದೀಪ, ಎದ್ದರೆ ಇಲ್ಲ. ಪರೀಕ್ಷಕರು ತಾವೇ ಕೂತು, ಎದ್ದು, ಮತ್ತೆ ಕೂತು, ಹತ್ತು ನಿಮಿಷ ಗೊಂಬೆಯ ಹಾಗೆ ಬಿಗಿಯಾಗಿದ್ದು ನೋಡಿದರು.

"ಬೆಳಿಗ್ಗೆಯಿಂದ ಮೂರು ಮನೆ ನೋಡ್ದೆ. ಎಲ್ಲಾ ಕಡೆ ಎಲ್ಲಾ ಸರಿಯಾಗಿದೆ ಅಂದ್ರು. ಒಂದ್ಕಡೇನೂ ಸರಿ ಇರ್ಲಿಲ್ಲ," ಎಂದು ಕೂತಲ್ಲಿಂದಲೇ ಚೀಲಕ್ಕೆ ಕೈ ಹಾಕಿ ಕಾಗದ ತೆಗೆದರು. "ಎಲ್ಲಿಟ್ಟು ಸಹಿ ಹಾಕ್ಲಮ್ಮಾ?"

ಮೇಜಿನ ಮೇಲೆ ಬಿಚ್ಚಿಟ್ಟ ಮೂರು ಗಡಿಯಾರಗಳಿದ್ದವು, ಒಂದೊಂದರ ತಿರುಪೂ ಬೇರೆ ಬೇರೆ ಸಾಲಿನಲ್ಲಿ. ಮಗಳು ಬಾಯಿ ತೆರೆಯುವ ಮೊದಲೇ ಅಪ್ಪ ಮೂರನ್ನೂ ಒಂದೇ ತಟ್ಟೆಗೆ ಬಾಚಿ, ಅಂಗೈಯಿಂದ ಮೇಜು ಒರೆಸಿದ.

"ಇಲ್ಲೇ ಹಾಕಿ ಸರ್."