ಹೊಳೆಯಾಚೆಗೆ ಹೋದ ಹೋರಿ

ನಮ್ಮ ಮಾವ ಶಿದ್ರಾಮಪ್ಪನವರು ಮಗಳಿಗೆ ಬಂದ ಒಳ್ಳೆಯ ಸಂಬಂಧವೊಂದನ್ನು ಬೆಡಗು ಒಂದೇ ಆಯಿತೆಂದು ಬಾಗಿಲಿಂದಲೇ ತಿರುಗಿ ಕಳಿಸಿದವರು. ಒಂದೇ ಬೆಡಗಿನವರು ಒಂದೇ ಮೂಲದವರು, ಅಣ್ಣ ತಂಗಿ ಇದ್ದ ಹಾಗೆ, ಅವರಲ್ಲಿ ಲಗ್ನ ಕೂಡದು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಹೋರಿಯ ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಕಣ್ಣು ಮುಚ್ಚಿ ಕೂತರು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಸಾವಳಗಿ ಪಕ್ಕದ ನಮ್ಮ ಊರಲ್ಲಿ ಬಸವಣ್ಣನ ಹೆಸರಿನಲ್ಲಿ ಒಂದು ಹೋರಿಯನ್ನು ಬಿಡುವ ಪದ್ಧತಿ. ಅದಕ್ಕೆ ನೊಗವಿಲ್ಲ, ಮೂಗುದಾರವಿಲ್ಲ. ಊರಿನ ಕೃಷ್ಣಾ ತಳಿಯ ಆಕಳುಗಳೆಲ್ಲ ಗಬ್ಬವಾಗುವುದು ಅದರಿಂದಲೇ. ಮೂರು ವರ್ಷಕ್ಕೊಮ್ಮೆ ಅದನ್ನು ಹೊಳೆಯಾಚೆಗೆ, ರಬಕವಿ ಕಡೆಯ ಒಂದು ಹಳ್ಳಿಗೆ ಕೊಟ್ಟು ಅಲ್ಲಿಯ ಹೋರಿಯನ್ನು ತರಬೇಕು. ಯಾಕೆಂದು ಹಿರಿಯರು ಹೇಳಿರಲಿಲ್ಲ, ಮಾಡುತ್ತಿದ್ದರು ಅಷ್ಟೆ.

ಈ ಸಲದ ಹೋರಿಯನ್ನು ನೋಡಿಕೊಳ್ಳುವ ಕೆಲಸ ಮಾವನದು. ಅದು ಬಂದ ವರ್ಷ ಮಳೆಬೆಳೆ ಚೆನ್ನಾಗಿ ಆಯಿತು, ಎಲ್ಲ ಅದರ ಕಾಲ್ಗುಣ ಎಂದರು. ಬದಲಿ ಮಾಡುವ ಹೊತ್ತಿಗೆ ಹೊಳೆಯಾಚೆಯ ಚನಮಲ್ಲಪ್ಪ ತಮ್ಮೂರ ಹೋರಿಯನ್ನು ಟೆಂಪೋದಲ್ಲಿ ತಂದ. ಮಾವ ಅಡ್ಡ ನಿಂತರು.

"ಬಸವಣ್ಣನ್ನ ಊರು ಬಿಡಿಸಿ ಕಳಸೂದು ಆಗೂದಿಲ್ಲ."

ಊರೂ ಹೌದೆಂದಿತು. ಹೋರಿ ಒಂಬತ್ತು ವರ್ಷ ಇಲ್ಲೇ ಉಳಿಯಿತು.

ನನ್ನ ತವರು ಬೀಳಗಿ. ಮದುವೆಯಲ್ಲಿ ಅವ್ವ ಒಂದು ಆಕಳು ಕೊಟ್ಟಿದ್ದಳು. ಅದು ಈ ಹೋರಿಯಿಂದ ಗಂಗಿಯನ್ನು ಈದು, ಮರುವರ್ಷ ಸತ್ತಿತು. ಗಂಗಿ ಬೆಳೆದು ಬೆದೆಗೆ ಬಂದಾಗ ಅವಳ ಹತ್ತಿರ ಬಂದದ್ದೂ ಅದೇ ಹೋರಿ. ಮೊದಲ ಕರು ಎದ್ದು ನಿಲ್ಲಲಾಗದೆ ಮೂರೇ ದಿನಕ್ಕೆ ಹೋಯಿತು. ಎರಡನೆಯದು ಸತ್ತೇ ಹುಟ್ಟಿತು. ಊರಲ್ಲಿ ಎಲ್ಲರ ಕೊಟ್ಟಿಗೆಯಲ್ಲೂ ಇದೇ ಪಾಡು. ದೃಷ್ಟಿ ತಾಗಿದೆ ಎಂದರು, ಬೇಸತ್ತವರು ಜರ್ಸಿ ಕಟ್ಟಿದರು. ಊರ ತುಂಬ ಇದ್ದ ಕೃಷ್ಣಾ ಆಕಳುಗಳಲ್ಲಿ ಹದಿನಾಲ್ಕೇ ಉಳಿದವು. ಗಂಗಿಗೆ ಕರು ಉಳಿಯದಿದ್ದರೆ ಅವ್ವ ಕೊಟ್ಟ ಆಕಳಿನ ಸಂತಾನ ಅಲ್ಲಿಗೇ ಮುಗಿಯುತ್ತಿತ್ತು.

ಸತ್ತ ಕರುವನ್ನು ಹೊರತೆಗೆದ ದನದ ಡಾಕ್ಟರು ಶುಭದಾ ಕೈ ತೊಳೆಯುತ್ತ ಕೇಳಿದರು, "ಇದರಪ್ಪ ಯಾವ ಹೋರಿರಿ?"

"ನಮ್ಮ ಬಸವಣ್ಣ," ಎಂದರು ಮಾವ.

"ಗಂಗಿ ಅಪ್ಪ?"

"ಅದಕ್ಕೂ ಅವನ."

ಡಾಕ್ಟರು ಕೈ ಒರೆಸಿಕೊಂಡು ಮಾವನ ಕಡೆ ತಿರುಗಿದರು. "ಅಜ್ಜಾರ, ಹಂಗಾರ ಮಗಳಿಗೇ ಗಬ್ಬ ಕಟ್ಟಿಸೀರಿ. ಒಂದ ರಕ್ತ ಮತ್ತ ಮತ್ತ ಕೂಡಿದರ ಒಳಗ ಮುಚ್ಚಿಕೊಂಡಿದ್ದ ಊನ ಹೊರಗ ಬೀಳ್ತಾವ್ರಿ. ಹೊಸಾ ರಕ್ತ ಬರಲಿಲ್ಲಂದ್ರ ಈ ಕಡೆ ಈ ತಳಿನ ಉಳಿಯೂದಿಲ್ಲ."

ಮಾವನ ಎದುರು ನಾನು ಯಾವತ್ತೂ ದನಿ ಎತ್ತಿದವಳಲ್ಲ. ಅವತ್ತು ತಡೆಯಲಾಗಲಿಲ್ಲ.

"ಮಾವಾರ, ಮಗಳ ಲಗ್ನಕ್ಕ ಬೆಡಗು ನೋಡಿದ್ರಿ. ದನಕ್ಕ ಯಾಕ ನೋಡಲಿಲ್ರಿ? ಹಿರ್ಯಾರು ನೋಡಿದ್ರು. ಅದಕ್ಕ ಹೋರಿ ಬದಲಿ ಮಾಡ್ತಿದ್ರು."

ಅವರು ಎದ್ದು ಒಳಗೆ ಹೋದರು. ಎರಡು ದಿನ ಊಟಕ್ಕೆ ಏಳಲಿಲ್ಲ. ಮೂರನೆಯ ಬೆಳಿಗ್ಗೆ ತಾವೇ ಚನಮಲ್ಲಪ್ಪನಿಗೆ ಫೋನ್ ಹಚ್ಚಿ, "ನಿಮ್ಮ ಹೋರಿ ಕೊಡ್ರಿ, ನಮ್ಮದ ತರಾಕತ್ತೇನಿ," ಎಂದರು.

ಟೆಂಪೋ ಬಂದಾಗ ನಾಲ್ಕು ಜನ ನೂಕಿದರೂ ಹೋರಿ ಹತ್ತಲಿಲ್ಲ. ಮಾವ ಎಲ್ಲರನ್ನೂ ದೂರ ಸರಿಸಿ ತಾವು ಮೊದಲು ಹತ್ತಿ ನಿಂತರು. ಅವರ ಹಿಂದೆ ಅದು ಸುಮ್ಮನೆ ಹತ್ತಿತು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು. ಸಂಜೆ ಹೊಳೆಯಾಚೆಯ ಹೋರಿಯ ಜೊತೆ ತಿರುಗಿ ಬಂದವರು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು.

ಅದಾದ ಮೇಲೆ ಅವರು ರಬಕವಿ ಕಡೆಗೆ ಒಮ್ಮೆಯೂ ಹೋಗಲಿಲ್ಲ. "ಹೋಗಿ ನೋಡಿ ಬರ್ರಿ," ಎಂದರೆ, "ಹೋದರ ಕರಕೊಂಡ ಬರ್ತೇನಿ," ಎನ್ನುತ್ತಿದ್ದರು.

ಮುಂದಿನ ವರ್ಷ ಶ್ರಾವಣದಲ್ಲಿ ಗಂಗಿ ಹೆಣ್ಣುಗರು ಹಾಕಿದಳು. ಮಾವ ಗೋದಲಿಯ ಹತ್ತಿರ ಕೂತಿದ್ದರು. ಕರು ಎರಡು ಸಲ ಮುಗ್ಗರಿಸಿತು, ಮೂರನೆಯ ಸಲ ನಾಲ್ಕೂ ಕಾಲೂರಿ ನಿಂತು ತಾಯಿಯ ಕೆಚ್ಚಲು ಹುಡುಕಿತು. ಸಂತೋಷಕ್ಕೆ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ನೋಡ್ರಿ ಎಂದು ಮಾವನ ಕಡೆ ತಿರುಗಿದೆ. ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದರು.

"ಇದರ ಜೋಡಿ ಇನ್ನೆರಡು ಇಲ್ಲೇ ನಿಂತಿರಬೇಕಾಗಿತ್ತು, ಮಾದೇವಿ," ಎಂದರು. "ನಾನ ನಿಲ್ಲಗೊಡಲಿಲ್ಲ."

ಹಂಗನಬ್ಯಾಡ್ರಿ ಎನ್ನಬೇಕೆಂದುಕೊಂಡೆ. ಅವರು ಹೇಳಿದ್ದು ಖರೆ ಇತ್ತು, ಹಾಗಾಗಿ ಅನ್ನಲಿಲ್ಲ.