ಒಂದು ಬೀಡಿ ಮುಗಿಯುವಷ್ಟು ಹೊತ್ತು

ಚಿಕ್ಕಣ್ಣ ಸತ್ತ ಮೇಲೆ ಚಲುವಯ್ಯ ಯಾವ ಮಿಷನ್ ಟ್ಯೂನ್ ಮಾಡಿದರೂ ಅದು ಕೊನೆಗೆ ಚಿಕ್ಕಣ್ಣನ ಮಿಷನ್ನಿನ ದನಿಯಲ್ಲೇ ಓಡತೊಡಗುತ್ತಿತ್ತು.

ಹುಣಸೂರಿನಲ್ಲಿ ಸಾಮಿಲ್ಲಿನ ಎದುರು ಚಲುವಯ್ಯನದು ಒಂದೇ ಬಾಗಿಲಿನ ಅಂಗಡಿ. ಮರ ಕೊಯ್ಯುವ ಕೈಮಿಷನ್ನುಗಳ ರಿಪೇರಿ. ದೊಡ್ಡ ಕಂಪನಿಯ ಮಿಷನ್ ಕೊಳ್ಳಲಾಗದವರು ಅಗ್ಗದ್ದೊಂದನ್ನು ತಂದು ಅವನ ಮುಂದಿಡುತ್ತಿದ್ದರು. ಅವನು ಸೈಲೆನ್ಸರಿನ ಇಕ್ಕಟ್ಟು ಕಿಂಡಿಯನ್ನು ಅರದಿಂದ ಅಗಲಿಸಿ, ಪೆಟ್ರೋಲ್ ಅಳೆದು ಬಿಡುವ ಕಾರ್ಬುರೇಟರಿನ ತಿರುಪುಗಳು ಹೆಚ್ಚು ತಿರುಗದಂತೆ ತೊಡಿಸಿದ್ದ ಪ್ಲಾಸ್ಟಿಕ್ ಟೋಪಿಗಳನ್ನು ಕಿತ್ತು, ಸರಪಳಿಯ ಹಲ್ಲುಗಳನ್ನು ಸಮನಾಗಿ ಮಸೆದು ಕೊಟ್ಟರೆ ಅಗ್ಗದ ಮಿಷನ್ನೂ ಹೊಲ ಉಳುವ ಎತ್ತಿನಂತೆ ದುಡಿಯುತ್ತಿತ್ತು. ಅಳತೆಗೆ ಯಾವ ಮೀಟರೂ ಇಲ್ಲ, ಕಿವಿಯೊಂದೇ. “ಗಾಳೀಲಿ ಗೊರಗುಟ್ಬೇಕು, ಮರಕ್ಕಿಟ್ರೆ ನುಣ್ಣಗಾಗ್ಬೇಕು” ಅನ್ನುತ್ತಿದ್ದ. ಗಾಳಿಯಲ್ಲೇ ನುಣ್ಣಗೆ ಕೂಗುವ ಮಿಷನ್ನಿಗೆ ಪೆಟ್ರೋಲ್ ಸಾಲುವುದಿಲ್ಲ. ಅದರ ಪಿಸ್ಟನ್ ಬೇಗ ಸುಟ್ಟುಹೋಗುತ್ತದೆ.

ಚಿಕ್ಕಣ್ಣ ವೀರನಹೊಸಹಳ್ಳಿಯವನು, ಮರ ಕಡಿಯುವವರ ಮೇಸ್ತ್ರಿ. ಅವನ ತಾತನ ಕಾಲದಲ್ಲಿ ಕಡಿಯಬೇಕಾದ ಮರಕ್ಕೆ ಹಿಂದಿನ ಸಂಜೆ ಕೊಡಲಿ ಒರಗಿಸಿ ಬರುತ್ತಿದ್ದರಂತೆ. ಬೆಳಿಗ್ಗೆ ಕೊಡಲಿ ಕೆಳಗೆ ಬಿದ್ದಿದ್ದರೆ ಮರ ಒಪ್ಪಲಿಲ್ಲ ಎಂದು ಹಿಂದಿರುಗುತ್ತಿದ್ದರು. ಕೊಡಲಿ ಹೋಗಿ ಮಿಷನ್ ಬಂತು, ಚಿಕ್ಕಣ್ಣ ಪದ್ಧತಿ ಬಿಡಲಿಲ್ಲ. ಮಿಷನ್ ಸ್ಟಾರ್ಟ್ ಮಾಡಿ, ಸರಪಳಿ ತಿರುಗದಷ್ಟು ಮೆಲ್ಲನೆ ಓಡಲು ಬಿಟ್ಟು, ಬುಡಕ್ಕೆ ಒರಗಿಸಿ ಒಂದು ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವವರೆಗೂ ಮಿಷನ್ ಓಡಿದರೆ ಮರ ಒಪ್ಪಿದೆ ಎಂದು ಅರ್ಥ. ನಡುವೆ ನಿಂತುಹೋದರೆ ಅಂದಿಗೆ ಕೆಲಸವಿಲ್ಲ.

ಅವನ ಮಿಷನ್ ಆಗಾಗ ನಿಂತುಹೋಗುತ್ತಿತ್ತು.

“ಒಪ್ದೇ ಇರೋದು ಮರ ಅಲ್ಲ ಕಣ್ಲಾ, ಕಾರ್ಬುರೇಟರು. ಇಲ್ ಬುಟ್ಟೋಗು, ಸರಿ ಮಾಡ್ತೀನಿ” ಎಂದು ಚಲುವಯ್ಯ ರೇಗಿಸುತ್ತಿದ್ದ.

“ನಿಂಗೆ ಕಾರ್ಬುರೇಟರ್ ಮಾತಾಡ್ತದೆ, ನಂಗೆ ಮರ ಮಾತಾಡ್ತದೆ. ಇಬ್ರೂ ಹುಚ್ರೇ ಬುಡ್ಲಾ” ಎಂದು ಚಿಕ್ಕಣ್ಣ ನಗುತ್ತಿದ್ದ.

ಕೊನೆಗೆ ಮಿಷನ್ ತಂದುಬಿಟ್ಟವನು ಅವನ ಸೋದರಳಿಯ ಮಲ್ಲೇಶ. ಮಾವನ ಜೊತೆ ಹೋಗಿ ಹೋಗಿ ಬರಿಗೈಲಿ ಬರುವುದು ಅವನಿಗೆ ಸಾಕಾಗಿತ್ತು. ಚಲುವಯ್ಯ ಒಂದಿಡೀ ದಿನ ಕೂತು, ಹಳೆಯ ಪೆಟ್ರೋಲ್ ಪೈಪು ಬದಲಿಸಿ, ತಿರುಪುಗಳನ್ನು ಕೂದಲೆಳೆಯಷ್ಟು ತಿರುವಿ ತಿರುವಿ ಕೂರಿಸಿದ. ಟ್ಯಾಂಕ್ ಖಾಲಿಯಾಗುವವರೆಗೂ ಅದು ನಿಲ್ಲದಂತಾಯಿತು. ಆಮೇಲೆ ಯಾವ ಮರವೂ ಬೇಡ ಅನ್ನಲಿಲ್ಲ.

ಆ ಮಾಗಿಯಲ್ಲೇ ಭೇರ್ಯದ ಹತ್ತಿರ ಸೋಮಮ್ಮನ ಹೊಲದ ನೇರಳೆ ಮರಕ್ಕೆ ಮಿಷನ್ ಒರಗಿಸಿದರು. ಬೀಡಿ ಮುಗಿಯಿತು, ಮಿಷನ್ ಓಡುತ್ತಲೇ ಇತ್ತು. ಮರ ಬೀಳಬೇಕಾದ ಕಡೆ ಚಿಕ್ಕಣ್ಣ ಆಳವಾದ ಕಚ್ಚು ತೆಗೆದು, ಹಿಂಬದಿಗೆ ಬಂದು ನಿಂತ. ಆಗ ಮೇಲಿನಿಂದ ಒಣಗಿದ ಕೊಂಬೆಯೊಂದು ಕಳಚಿ ಅವನ ಮೇಲೆ ಬಿತ್ತು. ಎಲ್ಲರೂ ಅವನನ್ನು ಎತ್ತಿಕೊಂಡು ಓಡಿದರು. ಮಿಷನ್ ಅಲ್ಲೇ ಬಿದ್ದು ಮೆಲ್ಲನೆ ಓಡುತ್ತಿತ್ತು. ಪೆಟ್ರೋಲ್ ಮುಗಿಯುವವರೆಗೂ ಅದನ್ನು ಯಾರೂ ಮುಟ್ಟಲಿಲ್ಲವಂತೆ. ಚಲುವಯ್ಯ ಅಲ್ಲಿರಲಿಲ್ಲ. ಆದರೂ ಆ ಸದ್ದು ಅವನ ಅಂಗಡಿಗೆ ಬಂದು ಸೇರಿಕೊಂಡಿತ್ತು.

ಈಗ ಯುಗಾದಿ ಕಳೆದು ಮೊದಲ ಗಾಳಿಮಳೆ ಹತ್ತಿರವಾಗಿತ್ತು. ಮಲ್ಲೇಶ ಅದೇ ಮಿಷನ್ ತಂದು ಬೆಂಚಿನ ಮೇಲಿಟ್ಟ.

“ಆ ನೇರಳೆ ಅಂಗೇ ನಿಂತದೆ ಚಲುವಯ್ಯಣ್ಣ, ಅರ್ಧ ಕುಯ್ಸ್ಕೊಂಡು. ಗಾಳಿ ಬಂದ್ರೆ ಸೋಮಮ್ಮನ ಕೊಟ್ಗೆ ಮ್ಯಾಲೆ ಬೀಳ್ತದೆ. ಬ್ಯಾರೆ ಯಾರೂ ಒಪ್ತಿಲ್ಲ. ಮಾವ ಬುಟ್ಟೋದ ಮರ, ನಾನೇ ಮುಗಿಸ್ಬೇಕು. ಆದ್ರೆ ಇದು ಅಲ್ಲಿ ನಿಂತೋಯ್ತದೆ. ಬ್ಯಾರೆ ಎಲ್ಲೂ ನಿಲ್ಲಾಕಿಲ್ಲ, ಆ ಮರಕ್ಕೆ ಒರಗಿಸಿದ್ರೆ ಮಾತ್ರ.”

“ಒರಗಿಸ್ಬ್ಯಾಡ. ಸುಮ್ನೆ ಕುಯ್ಯಿ.”

“ಮಾವ ಸತ್ತ ಮ್ಯಾಲೂ ನೀನೇ ಇಂಗಂತೀಯಾ?”

ಚಲುವಯ್ಯ ಮಿಷನ್ನನ್ನು ಹತ್ತಿರಕ್ಕೆಳೆದುಕೊಂಡ. ಮಿಷನ್ ಸ್ಟಾರ್ಟ್ ಮಾಡಿದ. ಅಡ್ಡ ಮಲಗಿಸಿದ, ಎತ್ತಿ ಹಿಡಿದ, ಗೋಡೆಗೆ ಒರಗಿಸಿದ. ಅದೇ ದನಿ, ಒಮ್ಮೆಯೂ ತಪ್ಪಲಿಲ್ಲ. ಇದನ್ನು ಹೀಗೇ ಕೊಟ್ಟು ಕಳಿಸಿದರೆ ಮಲ್ಲೇಶ ರೇಗಿ, ಮಾವ ನಿಂತಲ್ಲೇ ನಿಂತು ಕೊಯ್ಯುತ್ತಾನೆ. ಇನ್ನೊಂದು ಹೆಣ ಬಿದ್ದರೆ ಆ ಸದ್ದನ್ನು ತಾಳಿಕೊಂಡು ಬಾಳುವುದು ಹೇಗೆ?

“ನಡಿ, ನಾನೂ ಬತ್ತೀನಿ” ಎಂದು ಹತಾರದ ಚೀಲ ತೆಗೆದುಕೊಂಡು ಅಂಗಡಿಯ ಬಾಗಿಲೆಳೆದ.

ನೇರಳೆ ಮರ ಕಾಲುವೆ ಏರಿಯ ಪಕ್ಕದಲ್ಲಿತ್ತು. ಕಚ್ಚಿನ ಗಾಯ ಕಪ್ಪಾಗಿತ್ತು. ಸೋಮಮ್ಮ ಕೊಟ್ಟಿಗೆಯಿಂದ ದನಗಳನ್ನು ಆಚೆ ಕಟ್ಟಿ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇವತ್ತಾದ್ರೂ ಕಡೀತೀರೋ, ಇಲ್ಲ ನಾನೇ ಕುಡುಗೋಲು ತತ್ತೀನೋ?”

ಮಲ್ಲೇಶ ಚಪ್ಪಲಿ ಕಳಚಿ, ಮರದ ಹಿಂಬದಿಯಲ್ಲಿ ಮಿಷನ್ ಒರಗಿಸಿದ. ಮೂರು ನಾಲ್ಕು ಉಸಿರು ಓಡಿ ಅದು ಆರಿಹೋಯಿತು. ಚಲುವಯ್ಯ ತಾನೇ ಎಳೆದು ಸ್ಟಾರ್ಟ್ ಮಾಡಿ, ತಿರುಪು ತಿರುವಿ ವೇಗ ಏರಿಸಿ ಒರಗಿಸಿದ. ಆರಿಹೋಯಿತು. ಇನ್ನೊಂದು ಸಲ. ಮೆಲ್ಲಗೆ, ಯಾರೋ ಬಾಯಿ ಮುಚ್ಚಿದ ಹಾಗೆ.

ಚಲುವಯ್ಯ ಕುಕ್ಕರುಗಾಲಲ್ಲಿ ಕೂತು ಯೋಚಿಸಿದ. ಸುಮ್ಮಸುಮ್ಮನೆ ನಿಲ್ಲುವ ಮಿಷನ್ ಲೋಕದಲ್ಲಿಲ್ಲ, ಕಾರಣ ಕಾಣದ ಕಣ್ಣಿರುತ್ತದೆ ಅಷ್ಟೆ. ತಟ್ಟನೆ ಹೊಳೆಯಿತು. ಇಲ್ಲಿನ ನೆಲ ಇಳಿಜಾರು. ಒರಗಿಸಿದಾಗ ಮಿಷನ್ ಹೆಚ್ಚು ವಾಲುತ್ತದೆ. ಟ್ಯಾಂಕಿನೊಳಗಿನ ಪೈಪು ಗಡುಸಾಗಿದ್ದರೆ ಅದರ ತುದಿ ಪೆಟ್ರೋಲಿನಿಂದ ಮೇಲೆದ್ದುಬಿಡುತ್ತದೆ.

“ಸಿಕ್ತು ಬಾರೋ, ಪೈಪು!” ಎಂದ. ಎದೆಯಿಂದ ಕಲ್ಲಿಳಿದಂತಾಯಿತು. ಮಲ್ಲೇಶನೂ ಪಕ್ಕದಲ್ಲಿ ಬಗ್ಗಿದ. ಇಬ್ಬರ ತಲೆಯೂ ಮಿಷನ್ ಮೇಲೆ ಕೂಡಿತು.

“ಅಲ್ಲ ಕಣ್ರಪ್ಪ, ಮೂರ್ ದಿನ್ದಿಂದ ಇದೇ ಆಯ್ತು” ಎಂದಳು ಸೋಮಮ್ಮ. “ಅದು ನಿಂತೇಟ್ಗೆ ಅದ್ರ ಮೂತಿ ನೋಡ್ತೀರಲ್ಲ, ಚಿಕ್ಕಣ್ಣ ಯಾವತ್ತು ಅಂಗೆ ನೋಡ್ದ? ನಮ್ ತೋಟ್ದಾಗೆ ಎಷ್ಟು ಮರ ಕಡ್ದವ್ನೆ. ಮಿಸ್ನು ನಿಂತ್ರೆ ಮ್ಯಾಕ್ ನೋಡೋನು. ಕತ್ತು ನೋಯೋಗಂಟ ಸುತ್ತಾ ತಿರುಗಿ ಮ್ಯಾಕ್ ನೋಡೋನು. ಆ ಕಡೇ ದಿವ್ಸ ಅದು ನಿಲ್ನಿಲ್ಲ. ಅವ್ನೂ ನೋಡ್ನಿಲ್ಲ.”

ಚಲುವಯ್ಯನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಮೆಲ್ಲಗೆ ತಲೆಯೆತ್ತಿದ.

ಎಲೆಗಳ ನಡುವೆ, ಸರಿಯಾಗಿ ಅವರ ನೆತ್ತಿಯ ಮೇಲೆ, ಮುರಿದ ಒಣಕೊಂಬೆಯೊಂದು ಕವಲಿಗೆ ಸಿಕ್ಕಿಕೊಂಡಿತ್ತು. ಮನುಷ್ಯನ ಸೊಂಟದಷ್ಟು ದಪ್ಪ. ಚಿಕ್ಕಣ್ಣನ ಮೇಲೆ ಬಿದ್ದದ್ದರ ಇನ್ನರ್ಧ. ಅದನ್ನು ಹಿಡಿದಿದ್ದದ್ದು ಒಂದು ಒಣ ಬಳ್ಳಿ. ಮಿಷನ್ ಹಲ್ಲು ಕಚ್ಚಿ ಮರ ನಡುಗಿದರೆ ಸಾಕು.

“ಮಲ್ಲೇಶ, ಸದ್ದು ಮಾಡ್ದೆ ಇಂದಕ್ ಬಾ.”

ದೂರ ಸರಿದು, ದಾರಕ್ಕೆ ಕಲ್ಲು ಕಟ್ಟಿ ಕೊಂಬೆಯಾಚೆ ಎಸೆದು, ದಾರದ ಹಿಂದೆ ಹಗ್ಗ ಹಾಯಿಸಿ ಮೂವರೂ ಸೇರಿ ಎಳೆದರು. ಕೊಂಬೆ ಕಳಚಿ ನೆಲಕ್ಕೆ ನೆಟ್ಟ ಹಾಗೆ ಬಿತ್ತು. ಮಲ್ಲೇಶನ ಚಪ್ಪಲಿ ಅದರಡಿ ಸೇರಿಹೋಯಿತು. ಅವನು ಅಲ್ಲೇ ಕೂತುಬಿಟ್ಟ. ಸೋಮಮ್ಮ ನೀರು ತಂದು ಬೈಯುತ್ತಲೇ ಕುಡಿಸಿದಳು.

ಅಷ್ಟರಲ್ಲಿ ಚಲುವಯ್ಯ ಟ್ಯಾಂಕಿನ ಮುಚ್ಚಳ ತೆಗೆದು, ಕೊಕ್ಕೆ ಹಾಕಿ ಪೈಪನ್ನು ಹೊರಗೆಳೆದ. ಅದು ಮಾಗಿಯಲ್ಲಿ ತಾನೇ ಹಾಕಿದ್ದ ಪೈಪು. ಎಳೆಗರುವಿನ ಕಿವಿಯ ಹಾಗೆ ಮೆತ್ತಗಿತ್ತು. ಎತ್ತ ವಾಲಿಸಿದರೂ ತುದಿ ಅತ್ತಲೇ ಬಾಗಿ ಪೆಟ್ರೋಲ್ ಮುಟ್ಟುತ್ತಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಅದನ್ನೇ ಒಳಗಿಳಿಸಿ ಮುಚ್ಚಳ ತಿರುಗಿಸಿದ.

“ಪೈಪ್ ಬದ್ಲಾಯಿಸ್ದ್ಯಾ ಅಣ್ಣ?”

“ಊಂ.”

ಮಿಷನ್ ಮತ್ತೆ ಅದೇ ಜಾಗದಲ್ಲಿ, ಅದೇ ಇಳಿಜಾರಿನಲ್ಲಿ ಒರಗಿತು. ಅಭ್ಯಾಸವಿಲ್ಲದ ಮಲ್ಲೇಶ ಚಲುವಯ್ಯನ ಹತ್ತಿರ ಒಂದು ಬೀಡಿ ಇಸಿದುಕೊಂಡು, ಕೆಮ್ಮುತ್ತ, ಮರದ ಸುತ್ತ ತಿರುಗಿ ಮೇಲೆ ನೋಡುತ್ತಲೇ ಇದ್ದ. ಬೀಡಿ ಬೆರಳು ಸುಡುವವರೆಗೂ ಮಿಷನ್ ಒಂದೇ ಸಮನೆ ಓಡಿತು. ಆಮೇಲೆ ಅವನು ಅದನ್ನೆತ್ತಿಕೊಂಡ. ಗಾಳಿಯಲ್ಲಿ ಗೊರಗುಟ್ಟಿದ್ದು ಮರದಲ್ಲಿ ನುಣ್ಣಗಾಯಿತು. ನೇರಳೆ ಮರ ಕಚ್ಚಿನ ಕಡೆಗೆ ಬಾಗಿ, ಬರಿ ಹೊಲದ ಮೇಲೆ ಉದ್ದಕ್ಕೂ ಮಲಗಿತು. ಕೊಟ್ಟಿಗೆಯ ಒಂದು ಹೆಂಚೂ ಅಲುಗಲಿಲ್ಲ.

ಮಲ್ಲೇಶ ಮಿಷನ್ ನೆಲಕ್ಕಿಟ್ಟು ಸ್ವಿಚ್ ಒತ್ತಿದ. ಅದು ನಿಲ್ಲಲಿಲ್ಲ. ಮತ್ತೆ ಒತ್ತಿದ. ಕೊಯ್ದ ಬುಡದ ಪಕ್ಕದಲ್ಲಿ ಅದು ಮೆಲ್ಲನೆ ಓಡುತ್ತಲೇ ಇತ್ತು.

“ಅಣ್ಣ...”

ಸ್ವಿಚ್ಚಿನ ವೈರು ಕಳಚಿರಬಹುದು. ಚೋಕ್ ಎಳೆದರೂ ನಿಲ್ಲುತ್ತಿತ್ತು. ಚಲುವಯ್ಯನಿಗೆ ಇದೆಲ್ಲ ಗೊತ್ತು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ, ಬಿದ್ದ ಮರದ ಮೇಲೆ ಕೂತು, ಪಕ್ಕದಲ್ಲಿ ಮಲ್ಲೇಶನಿಗೂ ಜಾಗ ಬಿಟ್ಟ.

“ಮುಟ್ಬ್ಯಾಡ, ಬುಡ್ಲಾ” ಎಂದ. “ಅವತ್ತು ಇದ್ರ ಜೊತೇಲಿ ಯಾರೂ ಕೂರ್ನಿಲ್ಲ.”

ಸೋಮಮ್ಮ ಸೆರಗು ಹೊದ್ದು ಕಾಲುವೆ ಏರಿಯ ಮೇಲೆ ಕೂತಳು. ಪೆಟ್ರೋಲ್ ಮುಗಿಯುವವರೆಗೂ ಮೂವರೂ ಅಲ್ಲಿಂದ ಏಳಲಿಲ್ಲ.